ಅಪ್ಪ ಮ್ಯೂಟಿನಲ್ಲಿದ್ದಾರೆ

ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಗೇಟಿಗೆ ಒಂದು ಟು-ಲೆಟ್ ಬೋರ್ಡು ನೇತಾಡುತ್ತದೆ. ತಗಡಿನದು, ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರ, ಅಪ್ಪ ಕೈಯಾರೆ ಬರೆದದ್ದು. ಮಹಡಿ ಮನೆ ಖಾಲಿಯಾದಾಗ ಅದರ ಮುಖ ರಸ್ತೆಗೆ, ಬಾಡಿಗೆಗೆ ಜನ ಬಂದ ಮೇಲೆ ಮುಖ ಒಳಗೆ. ನಾನು ಕೆಲಸ ಬಿಟ್ಟು ಬಂದು, ಕಂಪನಿ ಶುರು ಮಾಡ್ತೀನಿ, ಮಹಡಿ ಮನೆಯನ್ನು ಆಫೀಸಿಗೆ ಕೊಡಿ ಎಂದು ಕೇಳಿದ ದಿನ ಅಪ್ಪ ಎದ್ದು ಹೋಗಿ ಬೋರ್ಡಿನ ಮುಖವನ್ನು ಒಳಗೆ ತಿರುಗಿಸಿ ಬಂದರು. "ಒಂದು ವರ್ಷ ಟೈಮು. ಅಷ್ಟರಲ್ಲಿ ಒಬ್ಬ, ಒಬ್ಬನೇ ಒಬ್ಬ ಗಿರಾಕಿ ದುಡ್ಡು ಕೊಟ್ಟು ನಿನ್ನ ಸಾಮಾನು ತಗೊಂಡ್ರೆ ಮಹಡಿ ನಿಂದು. ಇಲ್ಲಾಂದ್ರೆ ಬೋರ್ಡ್ ತಿರುಗಿಸ್ತೀನಿ. ಮಗಳು ಅಂತ ನೋಡಲ್ಲ" ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ಒಂದು ವರ್ಷ ಯಾಕೆ, ಆರೇ ತಿಂಗಳು ಸಾಕು" ಎಂದುಬಿಟ್ಟೆ. ಅಪ್ಪ ದೊಡ್ಡ ಮನಸ್ಸು ಮಾಡಿ ಕೇಳಿಸದವರಂತೆ ಇದ್ದರು. ಆಗ ನನಗೆ ನಲವತ್ತೊಂದು ವರ್ಷ. ಮದುವೆಯಾಗಿ ಜೆ.ಪಿ. ನಗರದಲ್ಲಿದ್ದೆ, ಗಂಡನಿಗೆ ತಿಂಗಳ ಸಂಬಳ ಬರುತ್ತಿತ್ತು, ಹಾಗಾಗಿ ಊಟಕ್ಕೆ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು ಮಾನಕ್ಕೆ. ಕಂಪನಿ ಮುಳುಗಿದರೆ ಹಳೇ ಆಫೀಸಿಗೇ ವಾಪಸ್ ಹೋಗಿ, ನಾನೇ ಕೆಲಸ ಕಲಿಸಿದವರ ಕೈಕೆಳಗೆ ಕೂತು, "ಹೇಗಿತ್ತು ಮೇಡಂ ಸ್ವಂತ ಬಿಸಿನೆಸ್ಸು" ಎಂದು ಕೇಳುವವರಿಗೆಲ್ಲ ಹಲ್ಲು ಕಿರಿಯಬೇಕಿತ್ತು.

ಕಂಪನಿ ಎಂದರೆ ಇಬ್ಬರೇ. ನಾನು, ಮತ್ತು ಕಾಲೇಜಿನಲ್ಲಿ ನನ್ನ ಜೊತೆ ಓದಿದ ಒಬ್ಬ ಗೆಳೆಯ. ವಸಂತಪುರದ ಹಳೇ ಮನೆತನದವನು, ಲೇಔಟು ಬರುವ ಮೊದಲೇ ಅಲ್ಲಿದ್ದವರು. ನಾನು ಹೆಣ್ಣೆಂಬುದನ್ನು ಲೆಕ್ಕಿಸದೆ ಮೊದಲ ದಿನದಿಂದಲೂ ನನ್ನನ್ನು "ಗುರು" ಎಂದೇ ಕರೆಯುತ್ತಾನೆ. ಕೋಡು ಬರೆಯುವುದು ಅವನು, ಊರೆಲ್ಲ ಸುತ್ತಿ ಮಾರುವುದು ನಾನು.

ನಾವು ಮಾಡಿದ್ದು ಏನೆಂದು ನೆಂಟರಿಗೆ ಹೇಳಿ ಹೇಳಿ ನನ್ನ ಅರ್ಧ ಆಯುಸ್ಸು ಮುಗಿದಿದೆ. ಒಂದು ಲಿಂಕು ಕಳಿಸುತ್ತೇವೆ. ಅದನ್ನು ಒತ್ತಿದರೆ ಬ್ರೌಸರಿನಲ್ಲೇ ಎದುರಿನವರ ಮುಖ ಕಾಣುತ್ತದೆ, ಮಾತು ಕೇಳುತ್ತದೆ. ಆ್ಯಪ್ ಹಾಕಿಕೊಳ್ಳಬೇಕಿಲ್ಲ, ಪಾಸ್‌ವರ್ಡ್ ಬೇಡ, ಏನೂ ಬೇಡ. ಇಷ್ಟು ಹೇಳಿದ ಮೇಲೆ ಯಾವ ಮದುವೆ ಮನೆಯಲ್ಲಾದರೂ ಒಬ್ಬರು ಚಿಕ್ಕಪ್ಪ ಎಲೆಯ ಮುಂದೆ ಕೂತು, "ಫೋನಲ್ಲೇ ಬರುತ್ತಲ್ಲಮ್ಮ ವಿಡಿಯೊ ಕಾಲು, ಅದಕ್ಕೆ ಕೆಲಸ ಬಿಟ್ಯಾ?" ಎನ್ನುತ್ತಿದ್ದರು. ನಾನು ಹೋಳಿಗೆಗೆ ತುಪ್ಪ ಬಡಿಸುವವರನ್ನು ಕರೆದು ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ.

ಒಂದೇ ಸಲಕ್ಕೆ ಅರ್ಥವಾದದ್ದು ಅಪ್ಪನಿಗೆ ಮಾತ್ರ. ಅವರು ಮೂವತ್ತಕ್ಕೂ ಹೆಚ್ಚು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಟ್ರಂಕ್ ಕಾಲಿನ ಕಾಲದಲ್ಲಿ ಬೋರ್ಡಿನ ಮುಂದೆ ಕೂತು ಊರಿಂದೂರಿಗೆ ಲೈನು ಕೊಡುತ್ತಿದ್ದರು. ಎರಡು ಬ್ರೌಸರುಗಳಿಗೆ ಒಂದರ ವಿಳಾಸ ಇನ್ನೊಂದಕ್ಕೆ ಗೊತ್ತಿರುವುದಿಲ್ಲ, ನಡುವೆ ನಮ್ಮ ಸರ್ವರು ಪರಿಚಯ ಮಾಡಿಸಿ ಪಕ್ಕಕ್ಕೆ ಸರಿದುಕೊಳ್ಳುತ್ತದೆ, ಆಮೇಲೆ ಅವೆರಡೇ ಮಾತಾಡಿಕೊಳ್ಳುತ್ತವೆ ಎಂದು ನನ್ನ ಗೆಳೆಯ ಒಂದು ಹಾಳೆಯ ತುಂಬ ಬಾಣ ಬರೆದು ವಿವರಿಸಿದ. ಅಪ್ಪ ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಟ್ರಂಕ್ ಬೋರ್ಡು ಕಣಪ್ಪಾ. ನಾನು ಮಾಡ್ತಿದ್ದಿದ್ದೂ ಇದೇ. ನಂಗೆ ಪೆನ್ಷನ್ ಕೊಟ್ಟು ಕಳಿಸಿ ಅದಕ್ಕೆ ಬೇರೆ ಹೆಸರಿಟ್ಟಿದೀರ" ಎಂದರು. ಅವತ್ತೇ ಅವರನ್ನು ಕಂಪನಿಯ ಅಧಿಕೃತ ಪರೀಕ್ಷಕರನ್ನಾಗಿ ಮಾಡಿಕೊಂಡೆವು.

ಕೆಳಗಡೆ ಊಟದ ಮೇಜಿನ ಮೇಲೆ ಒಂದು ಹಳೇ ಲ್ಯಾಪ್‌ಟಾಪು. ಬೆಳಿಗ್ಗೆ ಹತ್ತಕ್ಕೆ ನಾವು ಮಹಡಿಯಿಂದ ಲಿಂಕು ಕಳಿಸಬೇಕು, ಅಪ್ಪ ಒತ್ತಬೇಕು. ನಮ್ಮಿಬ್ಬರ ನಡುವೆ ಇದ್ದದ್ದು ಹದಿನೆಂಟು ಮೆಟ್ಟಿಲು. ಅಷ್ಟು ದೂರಕ್ಕೆ ಮಾತು ಎಲ್ಲೆಲ್ಲೋ ಸುತ್ತಿಕೊಂಡು ಬರುವುದು ಅಮ್ಮನಿಗೆ ಹಿಡಿಸಲಿಲ್ಲ. ಅಡುಗೆಮನೆಯಿಂದಲೇ, "ಮೇಲೆ ಹೋಗಿ ಮಾತಾಡಿಸ್ಬಾರ್ದಾ, ಕಾಲಿಲ್ವಾ?" ಎನ್ನುತ್ತಿದ್ದಳು. ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇಸ್ತ್ರಿ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು, ಡ್ಯೂಟಿಗೆ ಬಂದವರ ಹಾಗೆ ಕೂರುತ್ತಿದ್ದರು. ಲೈನು ಚೆನ್ನಾಗಿದ್ದರೆ "ಕ್ಲಿಯರ್" ಎನ್ನುವರು, ಇಲ್ಲದಿದ್ದರೆ "ಪಕ್ಕದ ಲೈನ್ ನುಗ್ತಾ ಇದೆ" ಎನ್ನುವರು. ಪಕ್ಕದ ಲೈನು ಎಂದರೆ ಅಮ್ಮನ ಕುಕ್ಕರು.

ಅವರಲ್ಲಿದ್ದ ಒಂದೇ ದೋಷ ಮ್ಯೂಟ್ ಬಟನ್ನು. ಮಾತಿನ ನಡುವೆ ಇದ್ದಕ್ಕಿದ್ದಂತೆ ಅಪ್ಪನ ದನಿ ನಿಂತುಹೋಗುತ್ತಿತ್ತು. ಆಮೇಲೆ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಸದ್ದಿಲ್ಲ. ನಾನು ಮೆಟ್ಟಿಲ ಬಳಿ ಬಂದು, "ಅಪ್ಪಾ, ಮ್ಯೂಟಲ್ಲಿದೀರಿ" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಬೇಕಾಗಿತ್ತು. ಶುರುವಿನಲ್ಲಿ ಅಪರೂಪಕ್ಕೆ, ಬರಬರುತ್ತ ದಿನಕ್ಕೆ ನಾಲ್ಕೈದು ಸಲ. ಕೈ ತಾಗಿ ಒತ್ತಿಹೋಗುತ್ತಿದೆಯೆಂದು ನನ್ನ ಗೆಳೆಯ ಬಟನ್ನನ್ನು ಮೂಲೆಗೆ ಸರಿಸಿದ. ಉಪಯೋಗವಾಗಲಿಲ್ಲ. ಕಾಣಲಿ ಎಂದು ಕೆಂಪು ಮಾಡಿದ, ಹಪ್ಪಳದಷ್ಟು ದೊಡ್ಡದು ಮಾಡಿದ, ಕೊನೆಗೆ "ನಿಮ್ಮ ಮಾತು ಯಾರಿಗೂ ಕೇಳುತ್ತಿಲ್ಲ" ಎಂದು ಕನ್ನಡದಲ್ಲಿ ಬರೆದ. ಅಪ್ಪ ಅದನ್ನು ಓದಿ, ಕಾಗುಣಿತ ಸರಿಯಿದೆ ಎಂದು ಹೇಳಿ, ಮಾರನೇ ದಿನ ಮತ್ತೆ ಮ್ಯೂಟಾದರು. ನಮ್ಮ ದೋಷಗಳ ಪಟ್ಟಿಯಲ್ಲಿ ಅದರ ಹೆಸರು "ಅಂಕಲ್ ಬಗ್". ವಯಸ್ಸಾದವರಿಗೆ ಬಟನ್ ಅರ್ಥವಾಗುವುದಿಲ್ಲ ಗುರು ಎಂದು ಅವನು ನಿಟ್ಟುಸಿರು ಬಿಡುತ್ತಿದ್ದ, ನಾನೂ ಬಿಡುತ್ತಿದ್ದೆ. ಆ ಹೊತ್ತಿನಲ್ಲಿ ಅಪ್ಪ ಏನು ಮಾಡುತ್ತಿದ್ದಾರೆಂದು ನಾವಿಬ್ಬರೂ ನೋಡುತ್ತಿರಲಿಲ್ಲ. ನಮ್ಮ ಕಣ್ಣು ಪರದೆಯ ಪಕ್ಕದಲ್ಲಿ ಓಡುವ ಗ್ರಾಫಿನ ಮೇಲಿರುತ್ತಿತ್ತು.

ಹಾಗೆಂದು ಅಪ್ಪನಿಂದ ಲಾಭವೂ ಆಗಿತ್ತು. ಮೊದಮೊದಲು ಹನ್ನೊಂದು ಗಂಟೆಗೆ ಎರಡು ಲೋಟ ಕಾಫಿ ಹಿಡಿದು ಅವರೇ ಮೇಲೆ ಬರುತ್ತಿದ್ದರು. ಎಂಟನೇ ತಿಂಗಳ ಹೊತ್ತಿಗೆ ಬರುವುದು ನಿಂತಿತು. ಅದರ ಬದಲು ಲಿಂಕಿನಲ್ಲಿ ಕಾಣಿಸಿಕೊಂಡು, "ಕಾಫಿ ರೆಡಿ, ಬಂದು ತಗೊಂಡು ಹೋಗ್ರಪ್ಪಾ" ಎನ್ನತೊಡಗಿದರು. ಪೇಪರಿನಲ್ಲಿ ಓದಿದ ಸುದ್ದಿ ಹೇಳುವುದಕ್ಕೂ ಲಿಂಕು, ನಲ್ಲಿಯಲ್ಲಿ ನೀರು ಬಂತೆನ್ನುವುದಕ್ಕೂ ಲಿಂಕು. ನಮಗೆ ಕುಣಿಯುವಷ್ಟು ಖುಷಿ. ಕೇಳದೇ ತಾನಾಗಿ ನಮ್ಮ ಸಾಮಾನು ಬಳಸುವ ಮೊದಲ ಮನುಷ್ಯ ಸಿಕ್ಕಿದ್ದ. ಗಿರಾಕಿಗಳಿಗೆ ತೋರಿಸುವ ಸ್ಲೈಡುಗಳಲ್ಲಿ ನಾನು ಹೊಸದೊಂದು ಸೇರಿಸಿದೆ. ನಮ್ಮ ಮೆಟ್ಟಿಲುಗಳ ಫೋಟೊ, ಕೆಳಗೆ ಒಂದು ಸಾಲು: "ನಮ್ಮ ಬಳಕೆದಾರರು ಈಗ ಮೆಟ್ಟಿಲು ಹತ್ತುವುದಿಲ್ಲ." ಎಲ್ಲರೂ ಮೆಚ್ಚಿಕೊಳ್ಳುತ್ತಿದ್ದ ಸ್ಲೈಡು ಅದೊಂದೇ. ಮೆಚ್ಚಿಕೊಂಡು, ಕಾಫಿ ಕುಡಿದು, ಮುಂದೆ ನೋಡೋಣ ಮೇಡಂ ಎಂದು ಕಳಿಸುತ್ತಿದ್ದರು.

ಹೀಗೆ ಬಿಳೇಕಹಳ್ಳಿಯ ಟ್ಯೂಷನ್ನಿನವರು, ಜಯನಗರದ ಆಡಿಟರು, ಬಿ.ಟಿ.ಎಂ. ಲೇಔಟಿನ ಯೋಗದವರು ಎಲ್ಲರೂ ಮುಂದೆ ನೋಡುತ್ತಲೇ ಹನ್ನೊಂದು ತಿಂಗಳು ಕಳೆಯಿತು. ಉಳಿದವರು ಕತ್ರಿಗುಪ್ಪೆಯ ಒಬ್ಬರು ಡಾಕ್ಟರು.

ಹಳೇ ಕಾಲದ ಡಾಕ್ಟರು. ಅವರ ಕ್ಲಿನಿಕ್ಕಿನಲ್ಲಿ ಹೊರಗೆ ಎರಡು ಬೆಂಚು, ಒಳಗೆ ಹಸಿರು ಪರದೆ, ಪರದೆಯ ಹಿಂದೆ ಅವರು. ಹೊರಗೆ ಯಾರಾದರೂ ಕೆಮ್ಮಿದರೆ ಒಳಗಿನಿಂದಲೇ, "ಆ ಗೊರಗೊರ ಕೆಮ್ಮಿನವರನ್ನ ಮೊದಲು ಕಳಿಸಿ, ಒಣ ಕೆಮ್ಮಿನವರು ಕೂತಿರ್ಲಿ" ಎನ್ನುತ್ತಿದ್ದರು. ಮುಖ ನೋಡುವ ಮೊದಲೇ ಅರ್ಧ ಔಷಧಿ ಬರೆದಿರುತ್ತಿದ್ದರೆಂದು ಜನ ಹೇಳುತ್ತಿದ್ದರು. ಅವರ ಹಳೇ ಪೇಷಂಟುಗಳು ಮಕ್ಕಳ ಜೊತೆ ಬೇರೆ ಬೇರೆ ಬಡಾವಣೆಗೆ ಹೋಗಿದ್ದರು, ಈ ಟ್ರಾಫಿಕ್ಕಿನಲ್ಲಿ ಬರಲಾರರು, ಆ್ಯಪು ಎಂದರೆ ಹೆದರುವರು. ಲಿಂಕಾದರೆ ಒತ್ತುತ್ತಾರೆ. ಈ ಡಾಕ್ಟರು ಒಪ್ಪಿದರೆ ಆ ಕಡೆಯ ಇನ್ನಷ್ಟು ಡಾಕ್ಟರುಗಳು ತಾವಾಗಿ ಒಪ್ಪುತ್ತಾರೆಂದು ನನಗೆ ಖಾತ್ರಿಯಿತ್ತು. ಅವರು ಒಂದು ಪರೀಕ್ಷೆಗೆ ಒಪ್ಪಿದ ದಿನ ನಾನು ಕ್ಲಿನಿಕ್ಕಿನಿಂದ ಮನೆಯ ತನಕ ನಡೆದೇ ಬಂದೆ, ಸ್ಕೂಟರು ಅಲ್ಲೇ ಬಿಟ್ಟಿದ್ದು ಸಂಜೆ ನೆನಪಾಯಿತು.

ಈ ಪರೀಕ್ಷೆಗೆಂದು ನನ್ನ ಗೆಳೆಯ ತನ್ನ ಬ್ರಹ್ಮಾಸ್ತ್ರ ಹೊರತೆಗೆದ. ಬ್ರೌಸರಿನಲ್ಲಿ ಗಲಾಟೆ ತಗ್ಗಿಸುವ ವ್ಯವಸ್ಥೆ ಮೊದಲೇ ಇರುತ್ತದೆ, ಆದರೆ ನಮ್ಮ ಮನೆಗಳ ಗಲಾಟೆ ಅದಕ್ಕೆ ಗೊತ್ತಿಲ್ಲ ಎನ್ನುವುದು ಅವನ ವಾದ. ಅದಕ್ಕೇ ಒಂದು ಹಳೇ ಫೋನನ್ನು ಕೆಳಗಡೆ ಅಮ್ಮನ ಫ್ರಿಜ್ಜಿನ ಮೇಲೆ ವಾರಗಟ್ಟಲೆ ಇಟ್ಟು, ಮನೆಯ ಸದ್ದುಗಳನ್ನೆಲ್ಲ ರೆಕಾರ್ಡ್ ಮಾಡಿದ್ದ. ಕುಕ್ಕರಿನ ಸೀಟಿ, ಮಿಕ್ಸಿ, ಒಗ್ಗರಣೆಯ ಚಟಪಟ, ಸೊಪ್ಪಿನವಳ ಕೂಗು, ಬೀದಿನಾಯಿ. "ಕೆಮ್ಮಂತೂ ಸಖತ್ ಸಿಕ್ತು ಗುರು, ಎಲ್ಲಾ ವೆರೈಟಿ" ಎಂದಿದ್ದ. ಮನೆ ಎಂದ ಮೇಲೆ ಯಾರೋ ಕೆಮ್ಮುತ್ತಾರೆ, ಯಾರದೆಂದು ನಾನು ಕೇಳಲಿಲ್ಲ. ಈ ಸದ್ದುಗಳನ್ನೆಲ್ಲ ನಮ್ಮ ಸಾಫ್ಟ್‌ವೇರಿಗೆ ಕಲಿಸಿ, ಎಲ್ಲಿ ಕಂಡರೂ ಅಳಿಸಿಹಾಕುವಂತೆ ಮಾಡಿದ್ದ. ಮಾತು ಬಿಟ್ಟು ಬೇರೇನೂ ಕೇಳಬಾರದು. ಅದು ಚೆನ್ನಾಗಿ ಕೆಲಸ ಮಾಡಿತು.

ಪರೀಕ್ಷೆಯ ದಿನ ನಾನು ಕ್ಲಿನಿಕ್ಕಿನಲ್ಲಿ ಡಾಕ್ಟರ ಪಕ್ಕ ಕೂತಿದ್ದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅವರ ಹಳೇ ಪೇಷಂಟು, ರಿಟೈರಾದ ಹೈಸ್ಕೂಲು ಮೇಷ್ಟ್ರು. ಕುಶಲ ವಿಚಾರಿಸಿ ಆದಮೇಲೆ ಡಾಕ್ಟರು, "ಎಲ್ಲಿ, ಒಂದ್ಸಲ ಕೆಮ್ಮಿ ನೋಡೋಣ" ಎಂದರು.

ಮೇಷ್ಟ್ರು ಬಾಯಿ ತೆರೆದು ಮುಂದಕ್ಕೆ ಬಾಗಿದರು. ಸದ್ದೇ ಇಲ್ಲ.

"ಕೆಮ್ಮಿ ಸಾರ್."

"ಕೆಮ್ಮಿದ್ನಲ್ಲ ಡಾಕ್ಟ್ರೇ."

"ಜೋರಾಗಿ ಕೆಮ್ಮಿ."

ಮೇಷ್ಟ್ರು ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದರು. ನಮಗೆ ಕೇಳಿಸಿದ್ದು ತುಂಬು ಮೌನ. ಅಷ್ಟು ಶುಭ್ರವಾದ ಮೌನವನ್ನು ನಾನು ಯಾವ ಸಾಫ್ಟ್‌ವೇರಿನಲ್ಲೂ ಕೇಳಿರಲಿಲ್ಲ.

"ಸುಮ್ನೆ ಬಾಯಿ ತೆಗೀಬೇಡಿ ಸಾರ್, ಕೆಮ್ಮಿ" ಎಂದರು ಡಾಕ್ಟರು, ತಾಳ್ಮೆ ತಪ್ಪಿ.

"ಕರುಳು ಕಿತ್ತು ಬರೋ ಹಾಗೆ ಕೆಮ್ತಾ ಇದೀನಿ ಕಣ್ರೀ. ನಿಮಗೇ ಕಿವಿ ಕೇಳ್ಸಲ್ಲ ಅಂತ ಕಾಣುತ್ತೆ. ವಯಸ್ಸಾಯ್ತು, ಕ್ಲಿನಿಕ್ ಮುಚ್ಚಿ" ಎಂದು ಮೇಷ್ಟ್ರು ಲ್ಯಾಪ್‌ಟಾಪನ್ನೇ ಮುಚ್ಚಿದರು.

ಡಾಕ್ಟರು ನನ್ನ ಕಡೆ ತಿರುಗಿದರು. ಮನೆಯ ಗಲಾಟೆಗಳನ್ನೆಲ್ಲ ಅಳಿಸುವ ನಮ್ಮ ವಿಶೇಷದ ಬಗ್ಗೆ ನಾನು ಸಣ್ಣ ದನಿಯಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕೆಮ್ಮು ತೆಗೆದು ಪೇಷಂಟನ್ನ ಕೊಟ್ರೆ ನಾನೇನ್ ಮಾಡ್ಲಮ್ಮ? ಮುಂದಿನ ವಾರ ಇನ್ನೊಂದು ಸಲ ನೋಡ್ತೀನಿ, ಅದೇ ಕೊನೆ. ಮತ್ತೆ, ಜೊತೆಗೆ ಬಂದವರಿಗೂ ಒಂದು ಜಾಗ ಬೇಕು. ಪೇಷಂಟ್ ಯಾವತ್ತೂ ಸುಳ್ಳು ಹೇಳ್ತಾನೆ, ನಿಜ ಹೇಳೋದು ಪಕ್ಕದಲ್ಲಿ ಕೂತವರು" ಎಂದರು.

ಮಹಡಿಗೆ ಬಂದು ಗೆಳೆಯನಿಗೆ ಬಾಯಿಗೆ ಬಂದಂತೆ ಬೈದೆ. ಡಾಕ್ಟರಿಗೆ ಮಾರುವ ಸಾಮಾನಿನಲ್ಲಿ ಕೆಮ್ಮು ಅಳಿಸುವವನನ್ನು ಈ ಬೆಂಗಳೂರಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂದೆ. "ಸಿಗ್ತಾನೆ, ನಿನ್ನ ಮುಂದೇನೇ ಕೂತಿದಾನೆ" ಎಂದು ಅವನು ಕೀಬೋರ್ಡು ಎಳೆದುಕೊಂಡ. ತಿಂಗಳುಗಟ್ಟಲೆ ಕಲಿಸಿದ್ದನ್ನು ಒಂದು ಬೆಳಿಗ್ಗೆಯಲ್ಲಿ ಮರೆಸಿದ, ಬ್ರೌಸರಿನದನ್ನೂ ಆರಿಸಿದ. ಇನ್ನು ಮೇಲೆ ಡಾಕ್ಟರ ವಿಡಿಯೊ ಕಾಲಿನಲ್ಲಿ ಇದ್ದದ್ದು ಇದ್ದಹಾಗೇ ಕೇಳುತ್ತದೆ. ಮೂರನೆಯವರಿಗೆ ಒಂದು ಚೌಕವನ್ನೂ ಸೇರಿಸಿದ. ವರ್ಷದ ಗಡುವಿಗೆ ಮೂರು ವಾರವೂ ಉಳಿದಿರಲಿಲ್ಲ. ಅಪ್ಪ ಬೋರ್ಡಿನ ಮಾತೆತ್ತಲಿಲ್ಲ, ಆದರೆ ಗೇಟಿನ ಹತ್ತಿರ ಹೋದಾಗಲೆಲ್ಲ ನಾನು ಅದರ ಕಡೆ ನೋಡದೆ ಒಳಗೆ ಬರುತ್ತಿದ್ದೆ.

ಎರಡನೇ ಪರೀಕ್ಷೆಗೆ ಮೇಷ್ಟ್ರು ಬರಲು ಒಪ್ಪಲಿಲ್ಲ. ಪೇಷಂಟಿನ ಪಾತ್ರ ನನ್ನ ಗೆಳೆಯನಿಗೆ ಬಿತ್ತು, ಅವನು ವಸಂತಪುರದ ತನ್ನ ಮನೆಯಿಂದ ಬರುವುದು. ಜೊತೆಗಾರ, ಅಂದರೆ ಅವನ ಚಿಕ್ಕಪ್ಪನ ಪಾತ್ರ ನಮ್ಮ ಅಪ್ಪನದು. ಅಪ್ಪನಿಗೆ ಒಂದು ಚೀಟಿ ಬರೆದುಕೊಟ್ಟೆ: "ಇವನಿಗೆ ಮೂರು ದಿನದಿಂದ ಕೆಮ್ಮು, ಸ್ವಲ್ಪ ನೆಗಡಿ." ಅಷ್ಟು ಹೇಳಿದರೆ ಸಾಕು, ಮ್ಯೂಟ್ ಬಟನ್ ಮುಟ್ಟಬೇಡಿ ಎಂದು ಮೂರು ಸಲ ಹೇಳಿ ಕತ್ರಿಗುಪ್ಪೆಗೆ ಹೊರಟೆ.

ಲೈನು ಒಂದೇ ಏಟಿಗೆ ಸಿಕ್ಕಿತು. ಎಡಗಡೆ ಗೆಳೆಯ ಶಾಲು ಹೊದ್ದು ಕೂತಿದ್ದ, ಬಲಗಡೆ ಅಪ್ಪ ಇಸ್ತ್ರಿ ಶರ್ಟಿನಲ್ಲಿ. ಡಾಕ್ಟರು ಕೆಮ್ಮು ಎಂದರು. ಗೆಳೆಯ ಕೆಮ್ಮಿದ. ಆ ಸದ್ದಿಗೆ ಹೊರಗಿನ ಬೆಂಚಿನವರು ಪರದೆ ಸರಿಸಿ ಇಣುಕಿದರು. ನನಗೆ ಎದ್ದು ಕುಣಿಯಬೇಕೆನಿಸಿತು.

"ಇದು ಕೆಮ್ಮಲ್ಲ, ನಾಟಕ" ಎಂದರು ಡಾಕ್ಟರು. "ಆದ್ರೆ ಕೇಳಿಸ್ತು. ಅಷ್ಟು ಸರಿ ಮಾಡಿದೀರ." ಆಮೇಲೆ ಬಲಗಡೆಯ ಚೌಕಕ್ಕೆ ತಿರುಗಿ, "ನೀವು ಹೇಳಿ ಸಾರ್, ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದರು.

ಅಪ್ಪ ಚೀಟಿ ನೋಡಿಕೊಳ್ಳಲಿಲ್ಲ. "ಐದು ತಿಂಗಳಾಗ್ತಾ ಬಂತು ಡಾಕ್ಟ್ರೇ" ಎಂದರು. "ಮೊದಲು ಬರೀ ಒಣ ಕೆಮ್ಮು. ಈಗ ಮೆಟ್ಟಿಲು ಹತ್ತಕ್ಕಾಗಲ್ಲ, ನಾಲ್ಕು ಹತ್ತಿದ್ರೆ ಏದುಸಿರು ಬರುತ್ತೆ. ಮಲಗಿದ್ರೆ ಜಾಸ್ತಿ. ಎರಡು ದಿಂಬು ಇಟ್ಕೊಂಡ್ರೆ ಸ್ವಲ್ಪ ವಾಸಿ." ಅಷ್ಟು ಹೇಳಿ ಮ್ಯೂಟಾದರು. ಸ್ವಲ್ಪ ಹೊತ್ತಿಗೆ ಮತ್ತೆ ದನಿ ಬಂತು. "ಸಾಯಂಕಾಲದ ಹೊತ್ತು ಪಾದ ಊದ್ಕೊಳ್ಳುತ್ತೆ. ಚಪ್ಪಲಿ ಬಿಗಿ ಆಗುತ್ತೆ." ಮತ್ತೆ ಮ್ಯೂಟು.

ಅಪ್ಪ ಇಷ್ಟು ಚೆನ್ನಾಗಿ ಪಾತ್ರ ಮಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಎಡಗಡೆ ನನ್ನ ಗೆಳೆಯ ತನಗೆ ಹೇಳದೆ ಬದಲಾದ ಕಾಯಿಲೆಗೆ ಹೊಂದಿಕೊಳ್ಳಲು ಏದುಸಿರು ಬಿಡತೊಡಗಿದ್ದ. ಮ್ಯೂಟಿನದೊಂದೇ ನನಗೆ ಅವಮಾನ. "ಸಾರಿ ಡಾಕ್ಟ್ರೇ, ನಮ್ಮಪ್ಪನಿಗೆ ಆ ಬಟನ್ನು ಗೊತ್ತಾಗಲ್ಲ" ಎಂದು ಪಿಸುಗುಟ್ಟಿದೆ.

ಡಾಕ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅವರಿಗೆ ಚೆನ್ನಾಗೇ ಗೊತ್ತಿದೆ. ನೀವು ಅವರ ಭುಜ ನೋಡಿ."

ನೋಡಿದೆ. ದನಿ ನಿಂತ ಚೌಕದಲ್ಲಿ ಅಪ್ಪ ಮುಖ ಪಕ್ಕಕ್ಕೆ ತಿರುಗಿಸಿ, ಕರ್ಚೀಫು ಒತ್ತಿ ಹಿಡಿದಿದ್ದರು. ಭುಜ ಒಂದೇ ಸಮ ಅಲುಗುತ್ತಿತ್ತು. ಅದು ನಿಂತ ಮೇಲೆ ಕರ್ಚೀಫು ಮಡಿಸಿ ಜೇಬಿಗಿಟ್ಟು, ಕೂದಲು ಸರಿಮಾಡಿಕೊಂಡು, ನೇರವಾಗಿ ಕೂತು, ನಮ್ಮ ದೊಡ್ಡ ಕೆಂಪು ಬಟನ್ನನ್ನು ಒತ್ತಿದರು. ಬಟನ್ ಗೊತ್ತಾಗದವರ ಕೈ ಹಾಗಿರುವುದಿಲ್ಲ.

"ಸಾರ್, ಈಗ ಮ್ಯೂಟ್ ಮಾಡ್ಬೇಡಿ. ನೀವು ಕೆಮ್ಮಿ" ಎಂದರು ಡಾಕ್ಟರು.

"ನಾನಾ?" ಅಪ್ಪ ಸ್ವಲ್ಪ ಗಲಿಬಿಲಿಗೊಂಡರು. "ನಾನು ಪೇಷಂಟಲ್ಲ ಡಾಕ್ಟ್ರೇ, ಜೊತೆಗೆ ಬಂದಿರೋನು. ಮಕ್ಕಳ ಡೆಮೊ ನಡೀತಾ ಇದೆ."

"ಇದೂ ಡೆಮೊನೇ. ಕೆಮ್ಮಿ."

ಅಪ್ಪ ಕೆಮ್ಮಿದರು. ಒದ್ದೆ ಬಟ್ಟೆ ಒಗೆದ ಹಾಗಿತ್ತು ಸದ್ದು, ತಳದಲ್ಲಿ ನೀರಿತ್ತು. ಒಂದಾದ ಮೇಲೆ ಒಂದು ಬಂತು, ನಿಲ್ಲಿಸಲು ಹೋದರೂ ನಿಲ್ಲಲಿಲ್ಲ. ಎಂಥ ಸ್ಪಷ್ಟವಾಗಿ ಕೇಳುತ್ತಿದೆ, ಒಂದು ಚೂರೂ ಒಡೆಯುತ್ತಿಲ್ಲವಲ್ಲ ಎಂದು ಮೊದಲು ನನಗನ್ನಿಸಿತು. ಅದನ್ನು ಇವತ್ತಿಗೂ ಯಾರ ಹತ್ತಿರವೂ ಹೇಳಿಲ್ಲ, ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ಹೊಳೆಯಿತು. ದಿನಾ ಹತ್ತು ಗಂಟೆಗೆ ಇಷ್ಟು ದಿನ ಮಾತಾಡಿದ್ದೆ, ಆ ಕೆಮ್ಮನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಡಾಕ್ಟರು ಕಣ್ಣು ಮುಚ್ಚಿ ಕೇಳಿದರು. ಕಣ್ಣು ಬಿಟ್ಟು, "ಇವರನ್ನ ಈಗಲೇ ಕರ್ಕೊಂಡು ಬನ್ನಿ. ಸ್ಕೂಟರಲ್ಲಿ ಬೇಡ, ಕಾರು ಮಾಡಿ" ಎಂದರು. ನಾನು ಲ್ಯಾಪ್‌ಟಾಪು, ಬ್ಯಾಗು, ಸ್ಲೈಡು ಎಲ್ಲ ಅಲ್ಲೇ ಬಿಟ್ಟು ಓಡಿದೆ. ಎಡಗಡೆಯ ಚೌಕದಲ್ಲಿ ಗೆಳೆಯ ಇನ್ನೂ ಏದುಸಿರು ಬಿಡುತ್ತಲೇ ಇದ್ದನಂತೆ, ಡಾಕ್ಟರು ಸಾಕು ನಿಲ್ಲಿಸಪ್ಪ ಎನ್ನುವ ತನಕ.

ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತಿತ್ತು. ಇನ್ನೂ ತಡಮಾಡಿದ್ದರೆ ಕಷ್ಟವಿತ್ತೆಂದರು. ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡು ನೀರು ಇಳಿಸಿದರು, ಉಪ್ಪಿನಕಾಯಿ ಬಿಡಿಸಿದರು. ಅಮ್ಮ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ನಂಗೆ ಗ್ಯಾಸ್ಟ್ರಿಕ್ ಅಂದ್ರು. ದಿಂಬು ಎತ್ತರ ಇದ್ರೆ ಗ್ಯಾಸ್ ಇಳಿಯುತ್ತೆ ಅಂದ್ರು. ನಾನು ನಂಬಿದೆ. ನೀನು ಕಂಪ್ಯೂಟರಲ್ಲಿ ದಿನಾ ನೋಡ್ತಿದ್ಯಲ್ಲ, ನಿಂಗೂ ಕಾಣಿಸ್ಲಿಲ್ವಾ?"

ಉಸಿರು ಹಗುರಾದ ದಿನ ಅಪ್ಪನನ್ನು ಕೇಳಿದೆ, ಯಾಕೆ ಮುಚ್ಚಿಟ್ಟಿರಿ ಎಂದು.

"ಮುಚ್ಚಿಡೋದೇನು ಬಂತು. ಅಭ್ಯಾಸ. ಬೋರ್ಡ್ ಮುಂದೆ ಕೂತಾಗ ಕೆಮ್ಮು ಬಂದ್ರೆ ಕೀ ಎತ್ತಿ ನಮ್ಮ ದನಿ ಕಟ್ ಮಾಡ್ಬೇಕು, ಮುಖ ತಿರುಗಿಸಿ ಕೆಮ್ಮಿ, ಆಮೇಲೆ ಲೈನಿಗೆ ಬರ್ಬೇಕು. ಅಷ್ಟು ವರ್ಷದ ಸರ್ವಿಸಲ್ಲಿ ಒಬ್ಬ ಗಿರಾಕಿನೂ ನನ್ನ ಕೆಮ್ಮು ಕೇಳಿಲ್ಲ."

"ನಾನು ಗಿರಾಕಿ ಅಲ್ಲ ಅಪ್ಪಾ."

"ಲೈನಲ್ಲಿರೋರೆಲ್ಲ ಗಿರಾಕಿನೇ ಕಣೇ." ಹೊದಿಕೆ ಸರಿಮಾಡಿಕೊಂಡು, "ಆಸ್ಪತ್ರೆ ಅಂತ ಶುರುವಾದ್ರೆ ನೀನು ಕಂಪನಿ ಬಿಟ್ಟು ನನ್ನ ಹಿಂದೆ ಓಡಾಡ್ತಿದ್ದೆ. ವರ್ಷ ಮುಗಿದು ಹೋಗ್ತಿತ್ತು. ಆ ಬೋರ್ಡ್ ತಿರುಗಿಸೋಕೆ ನಂಗೇನು ಆಸೆನಾ?" ಎಂದರು.

ನನಗೆ ಎಷ್ಟು ಕೋಪ ಬಂತೆಂದರೆ ಅಳು ಬಂತು. ಬೋರ್ಡಿಗೆ ಬೆಂಕಿ ಬೀಳಲಿ, ಕಂಪನಿಗೆ ಬೆಂಕಿ ಬೀಳಲಿ, ನಿಮ್ಮ ಟ್ರಂಕ್ ಬೋರ್ಡಿಗೂ ಬೀಳಲಿ ಎಂದು ಕೂಗಾಡಿದೆ. ನರ್ಸು ಬಂದು ಮೇಡಂ ಹೊರಗೆ ಹೋಗಿ ಎಂದು ಬಾಗಿಲು ತೋರಿಸಿದಳು. ಹೊರಗೆ ನನ್ನ ಗೆಳೆಯ ಎಳನೀರು ಹಿಡಿದು ನಿಂತಿದ್ದ, ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ. "ಗುರು, ಫ್ರಿಜ್ ಮೇಲಿಂದ ಸಿಕ್ಕಿದ ಕೆಮ್ಮು..." ಎಂದು ಶುರುಮಾಡಿದ. ಗೊತ್ತಾಯ್ತು ಬಿಡು ಎಂದೆ. ನಾವಿಬ್ಬರೂ ಎಳನೀರನ್ನು ಅಪ್ಪನಿಗೆ ಕೊಡುವುದು ಮರೆತು ನಾವೇ ಕುಡಿದೆವು.

ಡಾಕ್ಟರು ಒಪ್ಪಿದರು. ಅವರ ಷರತ್ತು ಒಂದೇ, ಪೇಷಂಟಿನ ಕಡೆ ಮ್ಯೂಟ್ ಬಟನ್ ಇರಕೂಡದು. ಬಟನ್ನನ್ನು ತೆಗೆಯುವಾಗ ಗೆಳೆಯನ ಮುಖ ನೋಡಲಾಗುತ್ತಿರಲಿಲ್ಲ, ಅಷ್ಟು ಮುದ್ದಾಗಿ ಮಾಡಿದ್ದ. ಮೊದಲ ಅಧಿಕೃತ ಪೇಷಂಟು ಅಪ್ಪನೇ. ಆಸ್ಪತ್ರೆಯಿಂದ ಬಂದ ಮೂರನೇ ದಿನ, ವರ್ಷದ ಗಡುವಿಗೆ ಒಂದು ದಿನ ಇರುವಾಗ, ಊಟದ ಮೇಜಿನ ಮುಂದೆ ಇಸ್ತ್ರಿ ಶರ್ಟು ಹಾಕಿಕೊಂಡು ಕೂತು, ಡಾಕ್ಟರ ಫೀಸನ್ನು, ಅದರಲ್ಲಿ ನಮ್ಮ ಪಾಲೂ ಸೇರಿಸಿ, ಲಿಂಕಿನಲ್ಲೇ ಕಟ್ಟಿ, ಮಾತಾಡಿದರು. ಆಮೇಲೆ ನನ್ನನ್ನು ಕರೆದು, "ದುಡ್ಡು ಕೊಟ್ಟಿದೀನಿ. ನಾನು ಗಿರಾಕಿ ಲೆಕ್ಕಕ್ಕೆ ಬರ್ತೀನಾ?" ಎಂದು ಕೇಳಿದರು. ಬರ್ತೀರಿ ಎಂದೆ. ಸರಿ ಎಂದು ತಲೆಯಾಡಿಸಿ ಪೇಪರು ಬಿಡಿಸಿಕೊಂಡರು.

ವಾರಕ್ಕೊಂದು ಸಲ ಡಾಕ್ಟರ ವಿಡಿಯೊ ಕಾಲು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಕೆಮ್ಮು ಬಂದಾಗ ಅಪ್ಪನ ಬೆರಳು ಬಟನ್ನಿದ್ದ ಜಾಗಕ್ಕೆ ಹೋಗಿ, ಅಲ್ಲೇನೂ ಸಿಗದೆ, ಸ್ವಲ್ಪ ಹೊತ್ತು ಅಲ್ಲೇ ನಿಂತು ವಾಪಸ್ ಬರುತ್ತಿತ್ತು. ಎರಡು ತಿಂಗಳು ಕ್ರಮವಾಗಿ ಔಷಧಿಯಾದ ಮೇಲೆ ಡಾಕ್ಟರು ಕಣ್ಣು ಮುಚ್ಚಿ ಕೇಳಿ, "ತಳದಲ್ಲಿ ನೀರಿಲ್ಲ. ಇನ್ನು ನಿಧಾನಕ್ಕೆ ಮೆಟ್ಟಿಲು ಹತ್ತಬಹುದು" ಎಂದರು.

ಮಾರನೇ ದಿನ ಹನ್ನೊಂದಕ್ಕೆ ನಾನು ಮಹಡಿಯಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಸ್ಲೈಡುಗಳನ್ನು ಗೋಡೆಯ ಮೇಲೆ ಹಾಕಿ ನೋಡುತ್ತಿದ್ದೆ. ಕೆಳಗೆ ಮೊದಲ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ನಾನು ಎದ್ದು ಹೋಗಲಿಲ್ಲ, ಗೆಳೆಯನಿಗೂ ಕೂರು ಎಂದು ಕೈ ತೋರಿಸಿದೆ. ಆರಕ್ಕೊಂದು ಸಲ, ಹನ್ನೆರಡಕ್ಕೊಂದು ಸಲ ನಿಂತರು. ನಾನು ಕೂತಲ್ಲೇ ಎಣಿಸುತ್ತಿದ್ದೆ. ಹದಿನೆಂಟಾಯಿತು. ಎರಡು ಲೋಟ ಕಾಫಿ ಹಿಡಿದು ಬಾಗಿಲಲ್ಲಿ ಅಪ್ಪ ಬಂದು ನಿಂತರು, ಒಂದರಿಂದ ಸ್ವಲ್ಪ ಚೆಲ್ಲಿತ್ತು.

ಅವರ ಕಣ್ಣು ಗೋಡೆಯ ಮೇಲೆ ಹೋಯಿತು. ನಮ್ಮ ಮೆಟ್ಟಿಲುಗಳ ಫೋಟೊ, ಕೆಳಗೆ ಆ ಸಾಲು. ಅಷ್ಟೆಲ್ಲ ಆದಮೇಲೂ ಅದು ಸ್ಲೈಡುಗಳಲ್ಲಿ ಇದ್ದೇ ಇತ್ತು, ತೆಗೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಪ್ಪ ನಿಧಾನವಾಗಿ ಓದಿದರು, ಉಸಿರು ತೆಗೆದುಕೊಂಡು ಮತ್ತೊಮ್ಮೆ ಓದಿದರು.

"ಇದು ನಾನಾ?" ಎಂದು ಕೇಳಿದರು.

"ಹೂಂ ಅಪ್ಪಾ."

"ಹತ್ತಿ ಬಂದಿದೀನಲ್ಲ, ತೆಗಿ" ಎಂದು ಅಪ್ಪ ಚೆಲ್ಲದ ಲೋಟವನ್ನು ನನ್ನ ಮುಂದೆ ಇಟ್ಟರು.